ಐಹೊಳೆಯಲ್ಲಿ ಕಾಲ್ನಡಿಗೆ: ಬಿಸಿಲು ನೋಡಿ ದಾರಿ ಹಿಡಿಯಿರಿ

ಐಹೊಳೆಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಅಂತ ಕೇಳಿ. ಬಹಳಷ್ಟು ಜನ ದುರ್ಗದ ಗುಡಿಯ ಫೋಟೊ ತೋರಿಸಿ ಸುಮ್ಮನಾಗುತ್ತಾರೆ. ಬಾದಾಮಿಯಲ್ಲಿ ಬಾಡಿಗೆ ಗಾಡಿ ಹಿಡಿಯುವುದು, ಪಟ್ಟದಕಲ್ಲಿನಲ್ಲಿ ಒಂದೂವರೆ ತಾಸು, ಐಹೊಳೆಯಲ್ಲಿ ಮುಕ್ಕಾಲು ತಾಸು, ವಾಪಸ್. ನಾನೂ ಮೊದಲ ಸಲ ಹಾಗೇ ಹೋಗಿದ್ದೆ. ಮೇ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ಟಿದ್ದೇ ತಡ, ಕುಣಿಯುತ್ತಾ ನೆರಳಿಗೆ ಓಡಿದೆ. ಆವತ್ತು ನೋಡಿದ್ದಕ್ಕಿಂತ ಕಾಲು ಸುಟ್ಟಿದ್ದೇ ಚೆನ್ನಾಗಿ ನೆನಪಿದೆ.

ಆಮೇಲೆ ಮೂರ್ನಾಲ್ಕು ಸಲ ಹೋದ ಮೇಲೆ ಒಂದು ವಿಷಯ ತಲೆಗೆ ಹತ್ತಿತು. ಇದು ಗಾಡಿಯಲ್ಲಿ ನೋಡುವ ಊರಲ್ಲ, ನಡೆದು ನೋಡುವ ಊರು. ನೂರಿಪ್ಪತ್ತಕ್ಕೂ ಹೆಚ್ಚು ಗುಡಿಗಳಿವೆ. ಕೆಲವು ಓಣಿಯ ಮನೆಗಳ ನಡುವೆ, ಕೆಲವು ಗುಡ್ಡದ ಮೇಲೆ, ಕೆಲವು ಹೊಲದಲ್ಲಿ, ಕೆಲವು ಮಲಪ್ರಭಾ ಹೊಳೆಯ ದಂಡೆಯಲ್ಲಿ. ಹೆಚ್ಚಿನವು ಎರಡು ಮೂರು ಕಿಲೋಮೀಟರ್ ಒಳಗೇ ಸಿಗುತ್ತವೆ. ಆದರೆ ಯಾವ ಗುಡಿಗೆ ಯಾವ ಹೊತ್ತಿಗೆ ಹೋಗಬೇಕು ಅನ್ನುವುದು ಮುಖ್ಯ. ಬೆಳಕು ಸರಿಯಾದ ಕಡೆಯಿಂದ ಬಿದ್ದರೆ ಸವೆದುಹೋದ ಕಲ್ಲಿನಲ್ಲೂ ಗೆರೆ ಎದ್ದು ಕಾಣುತ್ತದೆ. ಹಾಗಾಗಿ ಕೆಳಗಿನ ದಾರಿಯನ್ನು ಬಿಸಿಲಿನ ಲೆಕ್ಕದಲ್ಲೇ ಹೆಣೆದಿದ್ದೇನೆ. ಒಂದೂವರೆ ದಿನ ಬೇಕು.

ಹೊರಡುವ ಮುಂಚೆ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಅದರಲ್ಲೂ ನನಗೆ ಜನವರಿಯೇ ಇಷ್ಟ. ಹೊಲದಲ್ಲಿ ಬಿಳಿಜೋಳ ಆಳೆತ್ತರ ನಿಂತಿರುತ್ತದೆ, ಕಡಲೆ ಗಿಡ ಕಾಯಿ ಕಟ್ಟಿರುತ್ತದೆ, ಕುಸುಬೆ ಹಳದಿಗೆ ತಿರುಗಿರುತ್ತದೆ. ಎಳ್ಳು ಅಮಾವಾಸ್ಯೆಯ ದಿನ ಹೋದರಂತೂ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿರುತ್ತದೆ. ಭೂಮಿತಾಯಿಗೆ ಚರಗ ಚೆಲ್ಲಿ ಅಲ್ಲೇ ಕೂತು ಉಣ್ಣುತ್ತಾರೆ. ಬದುವಿನ ಮೇಲೆ ಹೋಗುತ್ತಿದ್ದವರನ್ನು ಕರೆದು ಕೂರಿಸುವುದೂ ಉಂಟು. ಕರೆದರೆ ಬೇಡ ಅನ್ನಬೇಡಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹೋಳಿಗೆ ಬಿಟ್ಟು ಹೋಗುವುದು ಯಾವ ಬುದ್ಧಿವಂತಿಕೆ ಹೇಳಿ?

ಮಾರ್ಚ್ ಕೊನೆಯಿಂದ ಜೂನ್ ಶುರುವಿನವರೆಗೆ ಬೇಡ. ಮರಳುಗಲ್ಲು ಹೆಂಚಿನ ಹಾಗೆ ಕಾಯುತ್ತದೆ. ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಚೆಂದ ಕಾಣುತ್ತದೆ, ನಿಜ. ಆದರೆ ಎರೆಹೊಲದ ಕಪ್ಪು ಮಣ್ಣು ಬೂಟಿಗೆ ಮೆತ್ತಿಕೊಂಡರೆ ಒಂದೊಂದು ಕಾಲೂ ಎರಡೆರಡು ಕಿಲೋ ಭಾರ. ಹೊಳೆ ದಾರಿಯನ್ನಂತೂ ಆಗ ಮರೆತುಬಿಡಿ.

ಊರು ಇರುವುದು ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ. ರೈಲಿನಲ್ಲಿ ಬರುವವರು ಬಾದಾಮಿಯಲ್ಲಿ ಇಳಿಯಬಹುದು. ಸ್ಟೇಷನ್ನಿಂದ ಬಾದಾಮಿ ಊರಿಗೇ ಐದು ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಸುಮಾರು 35. ಪಟ್ಟದಕಲ್ಲಿನ ಮೇಲೆ ಬಸ್ಸಿದೆ, ಆದರೆ ಪದೇ ಪದೇ ಇಲ್ಲ. ಇಳಿಯುವಾಗಲೇ ಕಂಡಕ್ಟರನ್ನು ವಾಪಸ್ ಬಸ್ಸಿನ ವೇಳೆ ಕೇಳಿಟ್ಟುಕೊಳ್ಳಿ. ಸಾಧ್ಯವಾದರೆ ರಾತ್ರಿ ಐಹೊಳೆಯಲ್ಲೇ ಉಳಿಯಿರಿ. ಪ್ರವಾಸೋದ್ಯಮ ನಿಗಮದ ಯಾತ್ರಿನಿವಾಸ ಇದೆ, ಮೊದಲೇ ಫೋನ್ ಮಾಡಿ ವಿಚಾರಿಸಿ. ಬಾದಾಮಿಯಲ್ಲಿ ಉಳಿದರೆ ಬೆಳಗಿನ ಬೆಳಕು ಕೈತಪ್ಪುತ್ತದೆ, ಈ ಲೇಖನದ ಅರ್ಧ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಚೀಲದಲ್ಲಿ ಎರಡು ಲೀಟರ್ ನೀರು, ಟೋಪಿ, ಒಂದು ಟಾರ್ಚು ಇರಲಿ. ಗುಡಿಯ ಮಾಡಿನ ಕೆತ್ತನೆ ನೋಡಲು ಮೊಬೈಲಿನ ದೀಪ ಸಾಲುವುದಿಲ್ಲ. ಒಂದು ಜೊತೆ ದಪ್ಪ ಸಾಕ್ಸ್ ತಪ್ಪದೆ ಹಾಕಿಕೊಳ್ಳಿ. ಚಪ್ಪಲಿ ಬಿಡಬೇಕಾದ ಕಡೆ ಕಾಲು ಉಳಿಸುವುದು ಅದೇ. ಊಟಕ್ಕೆ ಊರಲ್ಲಿ ಆಯ್ಕೆ ಕಡಿಮೆ. ಬಾದಾಮಿಯಲ್ಲೋ ಅಮೀನಗಡದಲ್ಲೋ ಖಾನಾವಳಿಯಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಬಂದರೆ ಎರಡು ದಿನವಾದರೂ ಕೆಡುವುದಿಲ್ಲ. ತಿಂಡಿಯ ಕವರನ್ನು ಕೈಯಲ್ಲಿ ಹಿಡಿದು ನಡೆಯಬೇಡಿ. ಮಂಗಗಳಿವೆ.

ಬೆಳಿಗ್ಗೆ: ಮೇಗುತಿ ಗುಡ್ಡ

ಆರೂವರೆಗೆ ಹೊರಡಿ. ಊರಿನ ಆಗ್ನೇಯಕ್ಕೆ ಕಾಣುವ ಗುಡ್ಡವೇ ಮೇಗುತಿ. ಮೇಲಿನ ಗುಡಿ, ಅದಕ್ಕೇ ಮೇಗುತಿ. ದಾರಿ ಗೊತ್ತಾಗದಿದ್ದರೆ ಯಾರನ್ನಾದರೂ ಕೇಳಿ. ‘ಅಣ್ಣಾರ, ಮೇಗುತಿ ಗುಡಿಗೆ ಯಾ ಕಡೆ ಹೋಗಬೇಕ್ರಿ?’ ಅಂದರೆ ಸಾಕು, ಹಲ್ಲುಜ್ಜುತ್ತಿದ್ದವರೂ ನಾಲ್ಕು ಹೆಜ್ಜೆ ಜೊತೆಗೆ ಬಂದು ತೋರಿಸುತ್ತಾರೆ. ‘ಇಲ್ಲೇ ಐತ್ರಿ’ ಅನ್ನುವ ಮಾತನ್ನು ಮಾತ್ರ ಕಿಲೋಮೀಟರಿಗೆ ತಿರುಗಿಸಲು ಹೋಗಬೇಡಿ.

ಹತ್ತುವುದಕ್ಕೆ ಮೆಟ್ಟಿಲುಗಳಿವೆ. ನಿಧಾನಕ್ಕೆ ಹೋದರೂ ಇಪ್ಪತ್ತು ನಿಮಿಷ ಸಾಕು. ದಾರಿಯಲ್ಲಿ, ಗುಡ್ಡದ ನೆತ್ತಿಗೆ ಸ್ವಲ್ಪ ಕೆಳಗೆ, ಎರಡು ಅಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಅರ್ಧ ಬಂಡೆಯಲ್ಲಿ ಕೊರೆದದ್ದು, ಅರ್ಧ ಕಟ್ಟಿದ್ದು. ಮೊಗಸಾಲೆಯ ಮಾಡಿನಲ್ಲಿ ಬುದ್ಧನಿದ್ದಾನೆ, ತಲೆ ಎತ್ತಿ ನೋಡಬೇಕು. ಬಹಳ ಜನ ಅವಸರದಲ್ಲಿ ಇದನ್ನು ದಾಟಿ ಹೋಗುತ್ತಾರೆ. ಹತ್ತುವಾಗ ಉಸಿರು ತಿರುಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೇಲೆ ಹೋದ ತಕ್ಷಣ ಗುಡಿಯ ಒಳಗೆ ನುಗ್ಗಬೇಡಿ. ಮೊದಲು ಸುತ್ತಿಕೊಂಡು ಪೂರ್ವದ ಗೋಡೆಗೆ ಬನ್ನಿ. ಅಲ್ಲಿ ಒಂದು ಕಲ್ಲಿನ ಮೇಲೆ 19 ಸಾಲಿನ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. ಬರೆದವನು ರವಿಕೀರ್ತಿ, ಚಾಲುಕ್ಯರ ದೊರೆ ಇಮ್ಮಡಿ ಪುಲಿಕೇಶಿಯ ಕಾಲದ ಕವಿ. ಕಾಲ ಶಕ 556, ಅಂದರೆ ಕ್ರಿ.ಶ. 634. ಬೆಳಗಿನ ಬಿಸಿಲು ಈ ಗೋಡೆಗೆ ಓರೆಯಾಗಿ ಬೀಳುವಾಗ ಅಕ್ಷರಗಳ ಒಳಗೆ ನೆರಳು ತುಂಬಿಕೊಳ್ಳುತ್ತದೆ. ಒಂದೊಂದು ಅಕ್ಷರವೂ ಬಿಡಿಯಾಗಿ ಕಾಣುತ್ತದೆ. ಒಂದು ತಾಸು ಕಳೆದು ಬಂದರೆ ಅದೇ ಕಲ್ಲು ಸಪ್ಪೆ. ನಾನು ಒಮ್ಮೆ ಮಧ್ಯಾಹ್ನ ಹೋಗಿ ಶಾಸನ ಎಲ್ಲಿದೆ ಅಂತ ಹುಡುಕಾಡಿದ್ದೆ, ಅದರ ಮುಂದೆಯೇ ನಿಂತುಕೊಂಡು.

ಈ ಕಲ್ಲಿನಲ್ಲಿ ಏನಿದೆ ಅಂತ ಸ್ವಲ್ಪ ತಿಳಿದುಕೊಂಡು ಹೋಗಿ. ಉತ್ತರದ ಹರ್ಷವರ್ಧನನನ್ನು ಪುಲಿಕೇಶಿ ಸೋಲಿಸಿದ್ದು ಇಲ್ಲಿ ದಾಖಲಾಗಿದೆ. ಅದನ್ನೂ ಕವಿ ಸುಮ್ನೆ ಹೇಳುವುದಿಲ್ಲ, ಭಯದಿಂದ ಹರ್ಷನ ಹರ್ಷವೇ ಇಳಿದುಹೋಯಿತು ಅಂತ ಹೆಸರಿನ ಜೊತೆ ಆಟ ಆಡುತ್ತಾನೆ. ಕೊನೆಗೆ ತನ್ನ ಕೀರ್ತಿ ಕಾಳಿದಾಸ, ಭಾರವಿಯರ ಸಮ ಅಂತ ತಾನೇ ಹೇಳಿಕೊಳ್ಳುತ್ತಾನೆ. ಬಡಾಯಿ ಅಲ್ವಾ? ಇರಲಿ. ಕಾಳಿದಾಸ ಯಾವ ಕಾಲದವನು ಅಂತ ತಲೆ ಕೆಡಿಸಿಕೊಂಡ ವಿದ್ವಾಂಸರಿಗೆ ಈ ಬಡಾಯಿಯೇ ಆಧಾರವಾಯಿತು. 634ರ ಹೊತ್ತಿಗೆ ಕಾಳಿದಾಸನ ಹೆಸರು ಇಲ್ಲಿಯವರೆಗೆ ಮುಟ್ಟಿತ್ತು ಅನ್ನುವುದಕ್ಕೆ ವರ್ಷ ಬರೆದ ಸಾಕ್ಷಿ ಇದು.

ಗುಡಿ ಜೈನರದ್ದು. ಪೂರ್ತಿ ಮುಗಿದಂತೆ ಕಾಣುವುದಿಲ್ಲ. ಗೋಡೆಯ ಗೂಡುಗಳು ಖಾಲಿ ಇವೆ. ಇಲ್ಲಿದ್ದ ಅಂಬಿಕೆಯ ವಿಗ್ರಹ ಕೆಳಗೆ ವಸ್ತುಸಂಗ್ರಹಾಲಯದಲ್ಲಿದೆ, ಮಧ್ಯಾಹ್ನ ನೋಡುವಿರಂತೆ.

ಗುಡಿಯ ಹಿಂದಕ್ಕೆ ಗುಡ್ಡದ ಮೇಲೇ ನಡೆಯಿರಿ. ಬಂಡೆ, ಕುರುಚಲು, ಅಲ್ಲಲ್ಲಿ ಸೀತಾಫಲದ ಗಿಡ. ಸ್ವಲ್ಪ ದೂರದಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಗೂಡುಗಳು ಕಾಣುತ್ತವೆ. ಇವು ಶಿಲಾಯುಗದ ನಂತರದ ಬೃಹತ್‌ಶಿಲಾ ಕಾಲದ ಗೋರಿಗಳು, ಚಾಲುಕ್ಯರಿಗಿಂತ ನೂರಾರು ವರ್ಷ ಹಳೆಯವು. ಉತ್ತರ ಕರ್ನಾಟಕದಲ್ಲಿ ಇಂಥವನ್ನು ಮೋರೇರ ಮನೆ ಅನ್ನುತ್ತಾರೆ. ಫಲಕ ಹುಡುಕುತ್ತಾ ಕೂರಬೇಡಿ, ಕಣ್ಣಿಂದ ಹುಡುಕಿ. ಒಳಗೆ ಕೈ ಹಾಕುವುದಾಗಲಿ, ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದಾಗಲಿ ಬೇಡ. ಕಲ್ಲು ಸಡಿಲ ಇರುತ್ತದೆ, ಅಡಿಯಲ್ಲಿ ಹಾವೂ ಇರಬಹುದು.

ಗುಡ್ಡದ ಅಂಚಿನಿಂದ ಊರು ಪೂರ್ತಿ ಕಾಣುತ್ತದೆ. ದುರ್ಗದ ಗುಡಿಯ ದುಂಡಗಿನ ಬೆನ್ನು, ಮಾಳಿಗೆ ಮನೆಗಳು, ಆಚೆ ಹೊಳೆಯ ಹಸಿರು ಪಟ್ಟಿ. ಇಲ್ಲಿ ಹತ್ತು ನಿಮಿಷ ಕೂತು ನಾಳೆಯ ದಾರಿ ಗುರುತು ಮಾಡಿಕೊಳ್ಳಿ. ನಕಾಶೆಗಿಂತ ಇದು ಚೆನ್ನಾಗಿ ಮನಸ್ಸಿನಲ್ಲಿ ಕೂರುತ್ತದೆ.

ಇಳಿದ ಮೇಲೆ ಗುಡ್ಡದ ಬುಡದಲ್ಲೇ ಜೈನ ಗುಹೆಯಿದೆ. ಬಾಹುಬಲಿ, ಪಾರ್ಶ್ವನಾಥ ಇಬ್ಬರೂ ಇದ್ದಾರೆ. ಗೊಮ್ಮಟ ಅಂದರೆ ಶ್ರವಣಬೆಳಗೊಳದ ಎತ್ತರವೇ ಕಣ್ಣಿಗೆ ಬರುತ್ತದಲ್ಲ, ಇಲ್ಲಿ ಅದಕ್ಕಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಹಳೆಯ ಬಾಹುಬಲಿ ನಮ್ಮ ಎತ್ತರಕ್ಕೇ ನಿಂತಿದ್ದಾನೆ. ಬೀಗ ಹಾಕಿದ್ದರೆ ಕಾವಲಿನವರನ್ನು ಕೇಳಿ.

ಓಣಿಗಳಲ್ಲಿ

ಒಂಬತ್ತರ ಹೊತ್ತಿಗೆ ಊರೊಳಗೆ ಬನ್ನಿ. ಚಹಾ ಕುಡಿಯಿರಿ. ಈಗ ಗುಡಿಗಳ ಹೆಸರು ಕೇಳಿಸಿಕೊಳ್ಳಿ: ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಲಾಡಖಾನನ ಗುಡಿ. ಒಂದರಲ್ಲೂ ದೇವರ ಹೆಸರಿಲ್ಲ. ಪೂಜೆ ನಿಂತು ಬರಿದಾದ ಗುಡಿಗಳಲ್ಲಿ ಜನ ವಾಸ ಮಾಡಿದರು. ಯಾರ ಮನೆಯೋ ಅವರ ಹೆಸರೇ ಗುಡಿಗೂ ಉಳಿಯಿತು. ಲಾಡಖಾನ ಅನ್ನುವ ಮುಸ್ಲಿಂ ಹಿರಿಯ ಇದ್ದ ಗುಡಿ ಲಾಡಖಾನ ಗುಡಿ. ಐಹೊಳೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಇಲ್ಲಿ ಗುಡಿಗಳಿಗೆ ಒಂದು ಸಂಸಾರದ ವಾಸನೆಯಿದೆ.

ಈಗಲೂ ಕೆಲವು ಗುಡಿಗಳ ಗೋಡೆಗೆ ತಾಗಿಕೊಂಡೇ ಮನೆಗಳಿವೆ. ಪೇಟೆಯ ನಡುವಿನ ಕೊಂತಿಗುಡಿ ಗುಂಪಿಗೆ ಹೋಗುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಈ ಊರನ್ನು ಬೇರೆ ಕಡೆ ಸಾಗಿಸುವ ಮಾತು ಬಹಳ ವರ್ಷದಿಂದ ನಡೆಯುತ್ತಲೇ ಇದೆ. ಹಾಗಾಗಿ ಕ್ಯಾಮೆರಾ ಹಿಡಿದು ಬಂದವರನ್ನು ಕಂಡರೆ ಕೆಲವರಿಗೆ ಬೇಸರ, ಕೆಲವರಿಗೆ ಅನುಮಾನ. ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿರುವವರ ಫೋಟೊ ತೆಗೆಯಬೇಡಿ. ‘ಅಕ್ಕಾರ, ಈ ಕಡೆಯಿಂದ ಹಾಯ್ದು ಗುಡಿ ನೋಡ್ಲೇನ್ರಿ?’ ಅಂತ ಒಂದು ಮಾತು ಕೇಳಿ. ಇಲ್ಲ ಅಂದವರನ್ನು ನಾನು ಇನ್ನೂ ಕಂಡಿಲ್ಲ.

ಅಂದಹಾಗೆ, ಒಂದು ಕಾಲಕ್ಕೆ ಇದು ಹಳ್ಳಿಯಾಗಿರಲಿಲ್ಲ. ‘ಅಯ್ಯಾವೊಳೆ ಐನೂರ್ವರು’ ಅನ್ನುವ ವ್ಯಾಪಾರಿಗಳ ಸಂಘಕ್ಕೆ ಹೆಸರು ಕೊಟ್ಟ ಊರು. ಅವರ ಶಾಸನಗಳು ತಮಿಳುನಾಡು, ಆಂಧ್ರದ ಕಡೆಯೂ ಸಿಗುತ್ತವೆ.

ಮಧ್ಯಾಹ್ನ: ದುರ್ಗದ ಗುಡಿಯ ನೆರಳು

ಎಲ್ಲರೂ ಬೆಳಿಗ್ಗೆಯೇ ದುರ್ಗದ ಗುಡಿಗೆ ಹೋಗುತ್ತಾರೆ. ನೀವು ಹನ್ನೊಂದರ ಮೇಲೆ ಹೋಗಿ. ಕಾರಣ ಇದೆ. ಈ ಗುಡಿಯ ಸುತ್ತ ಕಂಬಗಳ ಮೊಗಸಾಲೆಯಿದೆ, ಅದರ ಮೇಲೆ ಮಾಡು ಇದೆ. ಒಳ್ಳೆಯ ಶಿಲ್ಪಗಳೆಲ್ಲ ಆ ಮೊಗಸಾಲೆಯ ಒಳಗೋಡೆಯ ಗೂಡುಗಳಲ್ಲಿವೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಇಲ್ಲಿ ನೆರಳು, ನೆಲದಿಂದ ಚಿಮ್ಮಿದ ಬೆಳಕು ಶಿಲ್ಪದ ಮುಖಕ್ಕೆ ಮೆತ್ತಗೆ ಬೀಳುತ್ತದೆ. ಎಡದಿಂದ ಬಲಕ್ಕೆ ಪ್ರದಕ್ಷಿಣೆ ಹಾಕಿ. ನಂದಿಗೆ ಒರಗಿ ನಿಂತ ಶಿವ, ನರಸಿಂಹ, ಗರುಡನ ಮೇಲಿನ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ, ಒಬ್ಬೊಬ್ಬರೇ ಸಿಗುತ್ತಾರೆ. ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗೆ ತಿರುಗುವುದರಿಂದ ಮುಂದೆ ಯಾರಿದ್ದಾರೆ ಅಂತ ತಿರುವಿಗೆ ಹೋಗುವವರೆಗೆ ಗೊತ್ತಾಗುವುದಿಲ್ಲ.

ಹೆಸರು ಕೇಳಿ ದುರ್ಗಾದೇವಿಯ ಗುಡಿ ಅಂದುಕೊಳ್ಳಬೇಡಿ. ದುರ್ಗ ಅಂದರೆ ಕೋಟೆ. ಹಿಂದೆ ಇಲ್ಲೊಂದು ಕೋಟೆಯಿತ್ತು, ಅದರಿಂದ ದುರ್ಗದ ಗುಡಿ. ಮೂಲದಲ್ಲಿ ಇದು ಸೂರ್ಯನಿಗೆ ಕಟ್ಟಿದ್ದು ಅನ್ನುವುದು ಬಾಗಿಲ ಕಟ್ಟಡದ ಶಾಸನ ಓದಿದವರ ಅಭಿಪ್ರಾಯ.

ಅದೇ ಆವರಣದ ಲಾಡಖಾನ ಗುಡಿಯಲ್ಲಿ ಒಂದು ಕೆಲಸ ಮಾಡಿ. ದೂರ ನಿಂತು ಚಾವಣಿ ನೋಡಿ. ಚಪ್ಪಡಿ ಚಪ್ಪಡಿ ಸೇರುವ ಕಡೆ ಉದ್ದುದ್ದ ಕಲ್ಲಿನ ದಿಮ್ಮಿಗಳನ್ನು ಇಟ್ಟಿದ್ದಾರೆ, ಥೇಟ್ ಮರದ ತೊಲೆಯ ಹಾಗೆ. ಸಂದಿಯಲ್ಲಿ ಮಳೆನೀರು ಇಳಿಯಬಾರದು ಅನ್ನುವ ಉಪಾಯ. ಮರದ ಮನೆ ಕಟ್ಟಿ ಪಳಗಿದ ಕೈ ಕಲ್ಲಿಗೆ ಬಂದರೆ ಹೀಗಾಗುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದರೂ ಇಲ್ಲಿ ನೋಡಿದಾಗಲೇ ನನಗೆ ಅರ್ಥವಾಗಿದ್ದು.

ವಸ್ತುಸಂಗ್ರಹಾಲಯವೂ ಇಲ್ಲೇ ಪಕ್ಕದಲ್ಲಿ. ಶುಕ್ರವಾರ ರಜೆ. ಅಂಬಿಕೆಯನ್ನು ನೋಡಿ ಬನ್ನಿ. ಆಮೇಲೆ ಊಟ, ಬೇವಿನ ನೆರಳಲ್ಲಿ ಒಂದು ಸಣ್ಣ ನಿದ್ದೆ. ಮೂರೂವರೆಯವರೆಗೆ ಎಲ್ಲಿಗೂ ಹೊರಡಬೇಡಿ.

ಸಂಜೆ: ರಾವಣಫಡಿ, ಹುಚ್ಚಿಮಲ್ಲಿ

ದುರ್ಗದ ಗುಡಿಯಿಂದ ಈಶಾನ್ಯಕ್ಕೆ ಒಂದು ಕಿಲೋಮೀಟರ್ ಒಳಗೇ ರಾವಣಫಡಿ ಗುಹೆ. ಆರನೇ ಶತಮಾನದ್ದು. ಬಾಗಿಲು ನೈಋತ್ಯಕ್ಕೆ ತೆರೆದಿರುವುದರಿಂದ ಇಳಿಬಿಸಿಲು ಒಳಗೆ ಹರಿಯುತ್ತದೆ. ಕೆಂಪು ಕಲ್ಲು ಒಳಗಿನಿಂದ ದೀಪ ಹಚ್ಚಿದಂತೆ ಕಾಣುವ ಹೊತ್ತು ಅದು. ಮೊದಲು ಹೊರಗಿನ ನಂದಿಯ ಪಕ್ಕ ನಿಂತು ಒಳಗೆ ನೋಡಿ, ಆಮೇಲೆ ಹೋಗಿ.

ಒಳಗೆ ಎಡಗಡೆಯ ಕೋಣೆಯಲ್ಲಿ ಹತ್ತು ಕೈಯ ಶಿವ ಕುಣಿಯುತ್ತಿದ್ದಾನೆ. ಸುತ್ತ ಸಪ್ತಮಾತೃಕೆಯರು. ತೆಳ್ಳಗೆ, ಎತ್ತರದ ಕಿರೀಟ, ನಿರಿಗೆ ನಿರಿಗೆಯ ಉಡುಗೆ. ನಾವು ಬೇಲೂರು ಹಳೇಬೀಡಿನಲ್ಲಿ ನೋಡಿದ ಮೈತುಂಬ ಆಭರಣದ ಹೆಂಗಸರಿಗೂ ಇವರಿಗೂ ಸಂಬಂಧವೇ ಇಲ್ಲ. ಗುಂಪಾಗಿ ಬಂದಿದ್ದರೆ ಇಲ್ಲಿ ಮಾತು ನಿಲ್ಲಿಸಿ, ಗುಹೆಯಲ್ಲಿ ಸಣ್ಣ ಪಿಸುಮಾತೂ ದೊಡ್ಡದಾಗುತ್ತದೆ. ಹರಿಹರ, ಅರ್ಧನಾರೀಶ್ವರ, ಗಂಗೆಯನ್ನು ತಲೆಯ ಮೇಲೆ ಹೊರುವ ಶಿವ, ವರಾಹ, ಮಹಿಷಮರ್ದಿನಿ ಕೂಡ ಇದ್ದಾರೆ. ಟಾರ್ಚು ಈಗ ತೆಗೆಯಿರಿ. ಎದುರಿನಿಂದ ಹಿಡಿಯಬೇಡಿ, ಪಕ್ಕದಿಂದ ಹಿಡಿಯಿರಿ.

ಐದರ ಹೊತ್ತಿಗೆ ಹೊಲದ ಕಡೆಯಿಂದ ಹುಚ್ಚಿಮಲ್ಲಿ ಗುಡಿಗೆ ನಡೆಯಿರಿ. ದಂಡು ಕಡಿಮೆ, ಗಿಳಿಗಳ ಗಲಾಟೆ ಜಾಸ್ತಿ. ಮೊಗಸಾಲೆಯ ಮಾಡಿನಲ್ಲಿ ನವಿಲೇರಿದ ಕಾರ್ತಿಕೇಯನಿದ್ದಾನೆ. ಪಕ್ಕದಲ್ಲಿ ಮೆಟ್ಟಿಲ ಬಾವಿಯಿದೆ. ಇಲ್ಲಿ ಸುಮ್ನೆ ಕೂತು ಹೊತ್ತು ಮುಳುಗಿಸಿ. ಕತ್ತಲಾಗುವ ಮುಂಚೆ ಎದ್ದುಬಿಡಿ, ದಾರಿಯಲ್ಲಿ ದೀಪ ಇಲ್ಲ, ಹೊಲದ ನಾಯಿಗಳಿಗೆ ನಿಮ್ಮ ಪರಿಚಯವೂ ಇಲ್ಲ.

ಮರುದಿನ: ಹೊಳೆ ದಂಡೆ

ಬೆಳಿಗ್ಗೆ ಏಳಕ್ಕೆ ಗಳಗನಾಥ ಗುಂಪಿನ ದಾರಿ ಹಿಡಿಯಿರಿ. ಊರಿಂದ ಅರ್ಧ ತಾಸಿನ ನಡಿಗೆ. ಬದುವಿನ ಮೇಲೇ ನಡೆಯಿರಿ, ಬೆಳೆ ತುಳಿಯಬೇಡಿ. ಮುಳ್ಳುಬೇಲಿ ತೆಗೆದು ಹಾಯ್ದರೆ ಮತ್ತೆ ಮುಚ್ಚಿ, ಇಲ್ಲದಿದ್ದರೆ ದನ ನುಗ್ಗುತ್ತವೆ. ಕಡಲೆ ಗಿಡ ಕಿತ್ತು ತಿನ್ನುವ ಆಸೆ ಎಲ್ಲರಿಗೂ ಬರುತ್ತದೆ. ಹೊಲದವರನ್ನು ಕೇಳಿ, ಒಂದು ಹಿಡಿ ಅವರೇ ಕಿತ್ತು ಕೊಡುತ್ತಾರೆ. ಜೋಳದ ಹಸಿ ತೆನೆ ಸುಡುವ ಕಾಲವಾದರೆ ಸೀತನಿಯೂ ಸಿಕ್ಕೀತು. ಬೆಂಕಿಯಿಂದ ತೆಗೆದ ತೆನೆಯನ್ನು ಬಡಿದು ಉದುರಿಸಿದ ಬಿಸಿ ಬಿಸಿ ಹಾಲುಗಾಳು, ಜೊತೆಗೆ ಬೆಲ್ಲ.

ಗಳಗನಾಥದಲ್ಲಿ ಸಣ್ಣ ದೊಡ್ಡ ಸೇರಿ ಮೂವತ್ತಕ್ಕೂ ಹೆಚ್ಚು ಗುಡಿಗಳು ಹೊಳೆಯ ಕಡೆಗೆ ಗುಂಪುಗೂಡಿವೆ. ಕೆಲವು ಬಿದ್ದಿವೆ, ಕೆಲವು ವಾಲಿವೆ. ಮುಖ್ಯ ಗುಡಿಯ ಬಾಗಿಲಲ್ಲಿ ಗಂಗೆ, ಯಮುನೆಯರಿದ್ದಾರೆ. ಮಲಪ್ರಭೆಯ ಬಾಗಿಲಿಗೆ ಗಂಗೆ ಯಮುನೆಯರ ಕಾವಲು! ಇಲ್ಲಿಂದ ದಂಡೆಗುಂಟ ಹೋದರೆ ರಾಮಲಿಂಗೇಶ್ವರ ಗುಡಿಗಳ ಗುಂಪು. ಅಲ್ಲಿ ಇನ್ನೂ ಪೂಜೆ ನಡೆಯುತ್ತದೆ, ವರ್ಷಕ್ಕೊಮ್ಮೆ ತೇರೂ ಎಳೆಯುತ್ತಾರೆ. ಚಪ್ಪಲಿಯನ್ನು ದೂರವೇ ಬಿಡಿ.

ಪರಶುರಾಮ ಕ್ಷತ್ರಿಯರನ್ನು ಕೊಂದು ಬಂದು ಕೊಡಲಿ ತೊಳೆದದ್ದು ಈ ಹೊಳೆಯಲ್ಲಂತೆ. ನೀರು ಕೆಂಪಾದದ್ದು ಕಂಡ ಹೆಂಗಸೊಬ್ಬಳು ‘ಅಯ್ಯೋ ಹೊಳೆ’ ಅಂದಳಂತೆ. ಊರಿಗೆ ಹೆಸರು ಬಂದದ್ದು ಹಾಗೆ ಅಂತ ಇಲ್ಲಿನ ಕಥೆ. ಕೊಡಲಿಯಾಕಾರದ ಬಂಡೆಯನ್ನೂ ತೋರಿಸುತ್ತಾರೆ. ಮಳೆಗಾಲದಲ್ಲಿ ಕೆಂಪು ಮಣ್ಣು ಹೊತ್ತ ಹೊಳೆ ನೋಡಿದವರಿಗೆ ಈ ಕಥೆ ಎಲ್ಲಿಂದ ಹುಟ್ಟಿತು ಅಂತ ಬೇರೆ ಹೇಳಬೇಕಿಲ್ಲ.

ಹೊಳೆಯನ್ನು ಹಗುರವಾಗಿ ಎಣಿಸಬೇಡಿ. ಮೇಲೆ ನವಿಲುತೀರ್ಥದಲ್ಲಿ ಅಣೆಕಟ್ಟಿದೆ. ಅಲ್ಲಿ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲು, ಐಹೊಳೆ ಎರಡೂ ಕಡೆ ಗುಡಿಗಳವರೆಗೆ ನೀರು ಬಂದಿತ್ತು. ಜುಲೈನಿಂದ ಅಕ್ಟೋಬರಿನವರೆಗೆ ಊರಿನವರನ್ನು ಕೇಳದೆ ದಂಡೆಗೆ ಇಳಿಯಬೇಡಿ. ಈಜು ಬೇಡವೇ ಬೇಡ.

ಕಾಲಲ್ಲಿ ಇನ್ನೂ ಬಲ ಇದ್ದರೆ ಸಿದ್ಧನಕೊಳ್ಳಕ್ಕೆ ಹೋಗಿ. ನಾಲ್ಕೈದು ಕಿಲೋಮೀಟರ್, ಹತ್ತಕ್ಕೆ ಮುಂಚೆ ಹೊರಟರೆ ಒಳ್ಳೆಯದು. ಎರಡು ಗುಡ್ಡದ ನಡುವಿನ ಕೊಳ್ಳ, ಒಂದು ನೀರಿನ ಝರಿ, ಬಂಡೆಯ ಆಸರೆಯಲ್ಲಿ ಲಜ್ಜಾಗೌರಿ. ತಲೆಯ ಜಾಗದಲ್ಲಿ ತಾವರೆ ಇರುವ ತಾಯಿ. ಮಕ್ಕಳಾಗಲಿ ಅಂತ ಹರಕೆ ಹೊತ್ತ ಹೆಂಗಸರು ಈಗಲೂ ಎಣ್ಣೆ, ಅರಿಶಿನ ಹಚ್ಚುತ್ತಾರೆ. ಹಾಗಾಗಿ ಅಲ್ಲಿ ಪೂಜೆ ಮಾಡುವವರು ಇದ್ದರೆ ಸ್ವಲ್ಪ ಸರಿದು ನಿಲ್ಲಿ. ಮಠದಲ್ಲಿ ದಾಸೋಹವಿದೆ. ಉಂಡ ತಟ್ಟೆಯನ್ನು ನೀವೇ ತೊಳೆದಿಡಿ, ಹುಂಡಿಗೆ ಕೈಲಾದಷ್ಟು ಹಾಕಿ.

ವಾಪಸ್ ಹೊರಡುವಾಗ ಬಾದಾಮಿಯ ಬಸ್ಸು ತಪ್ಪಿದರೆ ಗಾಬರಿ ಬೇಡ. ಅಮೀನಗಡದ ಕಡೆ ಹೋಗುವ ಯಾವುದಾದರೂ ಗಾಡಿ ಹತ್ತಿ. ಅಲ್ಲಿಂದ ಬಾಗಲಕೋಟೆಗೂ ಹುನಗುಂದಕ್ಕೂ ಬಸ್ಸು ಸುಲಭ. ಬಸ್ಸು ಬರುವುದರೊಳಗೆ ಒಂದು ಕಿಲೋ ಕರದಂಟು ಕಟ್ಟಿಸಿಕೊಳ್ಳಿ. ಅರ್ಧ ಕಿಲೋ ತಂದರೆ ದಾರಿಯಲ್ಲೇ ಖಾಲಿಯಾಗುತ್ತದೆ.